2 ಇದ್ದ ಬೆಕ್ಕು ಈಗ 11. ಮೀನಿನ ಬೋಟು ನಿಲ್ಲುವ ದಕ್ಕೆಗೆ ಬಿಟ್ಟು ಬರಬೇಕಾ?

ಪ್ರಶ್ನೆ (ಮೂರನೇ ಮಹಡಿ)

ನಮ್ಮದು ಮಂಗಳೂರಿನಲ್ಲಿ 18 ಮನೆಗಳ ಹಳೇ ಫ್ಲ್ಯಾಟ್. ಹಿಂದಿನ ಗೋಡೆ ದಾಟಿದರೆ ಮೀನಿನ ಅಂಗಡಿ. ಎರಡು ವರ್ಷದ ಹಿಂದೆ ಎರಡೇ ಬೆಕ್ಕು ಇದ್ದವು. ಮೊನ್ನೆ ಭಾನುವಾರ ಎಣಿಸಿದೆ, 11. ರಾತ್ರಿ ಜಗಳ, ಮೆಟ್ಟಿಲ ಕೆಳಗೆ ಮೂತ್ರದ ವಾಸನೆ, ಸ್ಕೂಟರ್ ಸೀಟೆಲ್ಲ ಹರಿದು ಹತ್ತಿ ಹೊರಗೆ. ಮೀಟಿಂಗಿನಲ್ಲಿ ಹಿರಿಯರೊಬ್ಬರು, "ಗೋಣಿಯಲ್ಲಿ ಹಾಕಿ ದಕ್ಕೆಗೆ ಬಿಟ್ಟು ಬರುವ, ಅಲ್ಲಿ ಮೀನಿಗೇನು ಬರವಾ?" ಅಂದರು. ಎಲ್ಲರೂ ತಲೆಯಾಡಿಸಿದರು. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಬೇರೆ ದಾರಿ ಹೇಳಿ ಅಂದಾಗ ಬಾಯಿ ಬರಲಿಲ್ಲ. ಮರಿಯಾಗದಂತೆ ಆಪರೇಷನ್ ಮಾಡಿಸಿ ವಾಪಸ್ ಬಿಡುತ್ತಾರೆ ಅಂತ ಕೇಳಿದ್ದೇನೆ. ಹತ್ತಿರ ಹೋದರೆ ಉಗುರು ತೋರಿಸುವುದನ್ನು ಹಿಡಿಯುವುದು ಹೇಗೆ ಮಾರಾಯ್ರೆ?

ಉತ್ತರ (ಹಿತ್ತಲಮನೆ)

ದಕ್ಕೆಗೆ ಬಿಡುವ ಕೆಲಸ ನಾನೇ ಮಾಡಿದವಳು, ಅದಕ್ಕೇ ಬರೆಯುತ್ತಿದ್ದೇನೆ. ಆರು ವರ್ಷದ ಹಿಂದೆ ಮೂರು ಬೆಕ್ಕುಗಳನ್ನು ರಿಕ್ಷಾದಲ್ಲಿ ತೆಗೆದುಕೊಂಡು ಹೋಗಿ ಬಿಟ್ಟೆ. ಒಂದು ನಾಲ್ಕನೇ ದಿನ ನಮ್ಮ ಬಾವಿಕಟ್ಟೆ ಮೇಲೆ ಕೂತಿತ್ತು. ಉಳಿದೆರಡರ ಸುದ್ದಿ ಇಲ್ಲ. ಎರಡು ತಿಂಗಳೊಳಗೆ ಹೊಸದಾಗಿ ಎರಡು ಬಂದು ಅವುಗಳ ಜಾಗ ಹಿಡಿದವು. ಬರದೆ ಏನು? ಪಕ್ಕದ ಹೋಟೆಲಿನವರು ಸಂಜೆ ಎಸೆಯುವ ಮೀನಿನ ತಲೆ ಹಾಗೇ ಇತ್ತಲ್ಲ.

ಇನ್ನೊಂದು ಮಾತು. ನಿಮ್ಮ ಹಿರಿಯರಿಗೆ ಜೂನ್ ನೆನಪಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. 61 ದಿನ ಬೋಟುಗಳು ಕಟ್ಟಿಹಾಕಿರುತ್ತವೆ. ಅಲ್ಲಿ ಹುಟ್ಟಿದ ಬೆಕ್ಕುಗಳಿಗೇ ಆಗ ಪರದಾಟ. ಹೊಸದಾಗಿ ಹೋದದ್ದಕ್ಕೆ ಯಾರು ಹಾಕುತ್ತಾರೆ?

ಹಿಡಿಯುವುದಕ್ಕೆ ಮಾತ್ರ ಇದೇ ಒಳ್ಳೆ ಸಮಯ. ಹಸಿದಿರುತ್ತವೆ. ಪ್ರಾಣಿ ಸೇವೆ ಮಾಡುವವರ ಹತ್ತಿರ ಬೋನು ಕೇಳಿ, ಒಳಗೆ ಹಲಗೆ ತುಳಿದರೆ ಬಾಗಿಲು ಬೀಳುವಂಥದ್ದು. ಒಂದು ವಾರ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಹಾಕಿ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ. ಎಲ್ಲದರ ಫೋಟೋ ತೆಗೆಯಿರಿ, ಎಷ್ಟು ಹೆಣ್ಣು ಅಂತ ಗೊತ್ತಾಗಬೇಕು. ಮೂರು ಬಣ್ಣದ್ದು ಕಂಡರೆ ಹೆಚ್ಚುಕಮ್ಮಿ ಹೆಣ್ಣೇ. ಹಿಡಿಯುವ ಹಿಂದಿನ ದಿನ ಏನೂ ಹಾಕಬೇಡಿ. ಬೋನಿನೊಳಗೆ ಪೇಪರ್ ಹಾಸಿ, ತುದಿಯಲ್ಲಿ ಒಣಮೀನು ಸುಟ್ಟು ಇಡಿ. ವಾಸನೆಗೆ ಬಂದೇ ಬರುತ್ತದೆ. ಬಾಗಿಲು ಬಿದ್ದಾಗ ಹುಚ್ಚು ಹಿಡಿದಂತೆ ಹಾರಾಡುತ್ತದೆ, ಹೆದರಬೇಡಿ. ಹಳೇ ಬೈರಾಸು (ಟವೆಲ್) ಹೊದಿಸಿ. ಕತ್ತಲಾದ ಕೂಡಲೇ ಒಳಗೆ ಸದ್ದಿಲ್ಲ.

ಆಪರೇಷನ್ ಮೊದಲು ಹೆಣ್ಣುಗಳಿಗೆ. ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತವೆ, ಎರಡು ತಿಂಗಳು ಚಿಲ್ಲರೆ ಬಸಿರು, ಮರಿಗೆ ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬಸಿರು. ಒಂದೆರಡಕ್ಕೆ ಮಾಡಿಸಿ ನಿಲ್ಲಿಸಿದರೆ ಸುಮ್ನೆ ದುಡ್ಡು ದಂಡ.

ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಹೊಟ್ಟೆ ಕೆಳಗೆ ನೋಡದೆ ಬೂದು ಬಣ್ಣದ್ದೊಂದನ್ನು ಹಿಡಿದು ಕಳಿಸಿದೆ. ರಾತ್ರಿ ಕಟ್ಟಿಗೆ ರಾಶಿಯ ಹಿಂದಿನಿಂದ ಕೀಂ ಕೀಂ. ಮೂರು ಮರಿ, ಕಣ್ಣು ಆಗಷ್ಟೇ ಬಿಟ್ಟಿತ್ತು. ಇಡೀ ರಾತ್ರಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆ. ದನದ ಹಾಲು ಕೊಡಬೇಡಿ, ಭೇದಿಯಾಗುತ್ತದೆ ಅಂತ ಡಾಕ್ಟರು ಫೋನಲ್ಲೇ ಬೈದರು. ಬೆಕ್ಕಿನ ಮರಿಗಳಿಗೇ ಮಾಡಿದ ಹಾಲಿನ ಪುಡಿ ಹುಡುಕಿ ತಂದೆ. ಮಾರನೇ ಸಂಜೆ ತಾಯಿ ಬಂತು, ಒಂದು ಮರಿ ಉಳಿಯಲಿಲ್ಲ. ಹಿಡಿದ ಬೆಕ್ಕಿನ ಮೊಲೆ ಉಬ್ಬಿದೆಯಾ, ಸುತ್ತ ಕೂದಲು ಉದುರಿದೆಯಾ ಅಂತ ಬೋನಿನ ಹೊರಗಿಂದಲೇ ಕಾಣುತ್ತದೆ. ನೋಡಿ ಆಮೇಲೆ ಕಳಿಸಿ.

ಆಪರೇಷನ್ ಆದದ್ದಕ್ಕೆ ಕಿವಿಯ ತುದಿ ಒಂಚೂರು ಕತ್ತರಿಸಿ ಕಳಿಸುತ್ತಾರೆ. ನೋಡಿ ಗಾಬರಿಯಾಗಬೇಡಿ, ಅದೇ ಗುರುತು. ಇಲ್ಲದಿದ್ದರೆ ಅದನ್ನೇ ಎರಡು ಸಲ ಹಿಡಿಯುತ್ತೀರಿ. ರೇಬಿಸ್ ಲಸಿಕೆಯನ್ನೂ ಆಗಲೇ ಹಾಕಿಸಿ. ಹೆಣ್ಣನ್ನು ಎರಡು ಮೂರು ದಿನ ಒಳಗಿಡಿ, ಮಳೆಗೆ ಹೊಲಿಗೆ ನೆನೆಯಬಾರದು. ನಮ್ಮದು ಹಳೇ ಬಚ್ಚಲಲ್ಲೇ ಇದ್ದವು. ಒಂದಕ್ಕೆ 1,500 ರೂಪಾಯಿಯಂತೆ 9 ಬೆಕ್ಕು, ಮುಗಿಯಲು 14 ತಿಂಗಳು. ಈಗ 5 ಉಳಿದಿವೆ.

ಉತ್ತರ (ಹಕ್ಕಿ ನೋಡುವವ)

ವಾಪಸ್ ಬಿಡುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ತೋಟದಲ್ಲಿ ಮಡಿವಾಳ ಹಕ್ಕಿ ಗೂಡು ಬಿಟ್ಟು ಇಳಿದ ದಿನವೇ ಬೆಕ್ಕಿನ ಬಾಯಿಗೆ ಹೋಗುತ್ತದೆ. ಆಪರೇಷನ್ ಆದ ಬೆಕ್ಕು ಬೇಟೆ ಬಿಡುತ್ತದಾ?

ಹಿತ್ತಲಮನೆ

ಬಿಡುವುದಿಲ್ಲ ಅಣ್ಣ. ಹೊಟ್ಟೆ ತುಂಬಿದ್ದೂ ಹಿಡಿಯುತ್ತದೆ. ಹಾಗಂತ ಎತ್ತಿ ಬೇರೆ ಕಡೆ ಬಿಟ್ಟರೆ ಆ ಊರಿನ ಹಕ್ಕಿ ಹಿಡಿಯುತ್ತದೆ, ಇಲ್ಲಿಗೆ ಇನ್ನೊಂದು ಬರುತ್ತದೆ. ಎರಡು ತಿಂಗಳೊಳಗಿನ ಮರಿಗಳನ್ನು ವಾಪಸ್ ಬಿಡದೆ ಸಾಕುವವರಿಗೆ ಕೊಡಿ, ಆ ವಯಸ್ಸಲ್ಲಿ ಬೇಗ ಪಳಗುತ್ತವೆ. ನಾನು ನಾಲ್ಕು ಕೊಟ್ಟೆ. ಗೂಡಿರುವ ಮರದ ಬುಡಕ್ಕೆ ತಗಡು ಸುತ್ತಿದ್ದೇನೆ. ಅಷ್ಟೇ ನನಗೆ ಸಾಧ್ಯವಾದದ್ದು.

ಉತ್ತರ (ಕೋರ್ಟ್ ರಸ್ತೆ)

ಮೀಟಿಂಗಿನಲ್ಲಿ ಇದನ್ನು ಓದಿ ಹೇಳಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದು ತಪ್ಪು. ವಿಷ ಹಾಕುವ ಮಾತು ಯಾರಾದರೂ ಎತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 325 ಇದೆ, ಐದು ವರ್ಷದವರೆಗೆ ಜೈಲು. ಕಾನೂನು ಹೇಳಿದ ಕೂಡಲೇ ಗೋಣಿಚೀಲದ ಉತ್ಸಾಹ ಇಳಿಯುತ್ತದೆ, ನೋಡಿ ಬೇಕಾದರೆ.

ಮೂರನೇ ಮಹಡಿ

ಮೀಟಿಂಗ್ ಆಯಿತು. ಒಂದು ಮನೆಗೆ 500 ರೂಪಾಯಿ, 12 ಮನೆಯವರು ಕೊಟ್ಟರು. ಮೀನಿನ ಅಂಗಡಿಯವರು ತಲೆ, ಕರುಳನ್ನು ಮುಚ್ಚಳ ಇರುವ ಡಬ್ಬಿಗೆ ಹಾಕುತ್ತೇವೆ ಅಂದಿದ್ದಾರೆ. ನಿನ್ನೆ ಮೊದಲ ಬೆಕ್ಕು ಬಿತ್ತು, ಮೂರು ಬಣ್ಣದ್ದು. ಬೈರಾಸು ಹೊದಿಸುವಾಗ ಆತುರಪಟ್ಟು ಬೆರಳಿಗೆ ಕಚ್ಚಿಸಿಕೊಂಡೆ. ಸೋಪಿನಲ್ಲಿ ತೊಳೆದಿದ್ದೇನೆ.

ಹಿತ್ತಲಮನೆ

ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆದಿರಾ? ಇವತ್ತೇ ಹೋಗಿ ರೇಬಿಸ್ ಇಂಜೆಕ್ಷನ್ ಶುರು ಮಾಡಿ. ನಾಳೆ ಅನ್ನಬೇಡಿ. ಬಂದ ಮೇಲೆ ಹೇಳಿ, ಅದರ ಮೊಲೆ ನೋಡಿದಿರಾ?