‘ವಿವಾದಾತ್ಮಕ ಹೇಳಿಕೆ’, ‘ವಿಷಾದ’, ‘ಹೊಣೆ’: ಈ ಪದಗಳನ್ನು ಸರಿಯಾಗಿ ಬಳಸುತ್ತಿದ್ದೇವಾ?

ಎಲ್ಲರಿಗೂ ನಮಸ್ಕಾರ.

ಬಹಳ ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ ಇದೆ. ಪದಗಳ ಪ್ರಶ್ನೆಯೇ, ಆದರೆ ರಾಜಕೀಯದ ಸುದ್ದಿ ಓದುತ್ತಾ ಹುಟ್ಟಿದ್ದು. ಉದಾಹರಣೆಗೆ ಬೇರೆ ಬೇರೆ ಪಕ್ಷದವರನ್ನು ಎಳೆದು ತಂದಿದ್ದೇನೆ. ಯಾವ ಪಕ್ಷದವರು ಜಾಸ್ತಿ ಕೆಟ್ಟವರು ಅನ್ನುವ ಜಗಳ ಇಲ್ಲಿ ಬೇಡ.

ಬೀದಿಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬರ ಜಾತಿ ಹಿಡಿದೋ, ಹೆಣ್ಣುಮಗಳ ನಡತೆ ಹಿಡಿದೋ ಬೈದ ಅಂದುಕೊಳ್ಳಿ. ಮರುದಿನದ ಸುದ್ದಿಯಲ್ಲಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿದ್ದಾನೆ’ ಎಂದು ಬರುತ್ತದೆ. ಪೊಲೀಸ್ ದೂರಿನ ಭಾಷೆಯೂ ಅದೇ. ಅದೇ ಮಾತನ್ನು ಒಬ್ಬ ಶಾಸಕರೋ ಸಚಿವರೋ ಮೈಕಿನ ಮುಂದೆ ಆಡಿದರೆ? ‘ವಿವಾದಾತ್ಮಕ ಹೇಳಿಕೆ ನೀಡಿದ್ದಾರೆ.’ ಬಹುವಚನದ ಗೌರವ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. (ಬೀದಿಯವನಿಗೂ ಬಹುವಚನ ಕೊಡಬಹುದಲ್ಲ ಅಂತ ಅನಿಸುತ್ತದೆ, ಅದು ಬೇರೆ ಚರ್ಚೆ.) ನನ್ನ ತಕರಾರು ಬೈಗುಳ ‘ಹೇಳಿಕೆ’ ಆದದ್ದಕ್ಕೆ. ಅದನ್ನು ಅವರು ನಮಗೆ ‘ನೀಡಿದರು’ ಅನ್ನುವುದಕ್ಕೆ.

‘ವಿವಾದ’ಕ್ಕೆ ಎರಡು ಕಡೆ ಬೇಕು. ಗಡಿ ವಿವಾದ, ಜಲ ವಿವಾದ, ಆಸ್ತಿ ವಿವಾದ: ಎಲ್ಲದರಲ್ಲೂ ಆ ಕಡೆಗೊಂದು ವಾದ, ಈ ಕಡೆಗೊಂದು ವಾದ. ಯಾವ ತೆರಿಗೆ ಏರಿಸಬೇಕು, ಶಾಲೆಯಲ್ಲಿ ಯಾವ ಭಾಷೆ ಇರಬೇಕು ಅನ್ನುವ ಮಾತು ವಿವಾದಾತ್ಮಕ ಆಗಬಹುದು, ಸರಿ. ಒಬ್ಬರನ್ನು ಹುಟ್ಟಿನ ಕಾರಣಕ್ಕೆ ಹೀಯಾಳಿಸಿದರೆ ಅದರಲ್ಲಿ ಎರಡನೇ ವಾದ ಎಲ್ಲಿದೆ? ಆದರೂ ‘ವಿವಾದಾತ್ಮಕ’ ಅಂದ ಕೂಡಲೇ ಬೈಸಿಕೊಂಡವರೂ ಜಗಳದ ಒಂದು ಕಡೆಯವರಾಗಿ ನಿಲ್ಲಬೇಕಾಗುತ್ತದೆ.

2025ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಅವರು ಸೇನಾಧಿಕಾರಿ ಕರ್ನಲ್ ಸೋಫಿಯಾ ಖುರೇಷಿ ಅವರ ಬಗ್ಗೆ ಆಡಿದ ಮಾತು ನೆನಪಿರಬಹುದು. ಸುದ್ದಿಯಲ್ಲಿ ಅದೂ ‘ವಿವಾದಾತ್ಮಕ ಹೇಳಿಕೆ’ಯೇ. ಅಲ್ಲಿನ ಹೈಕೋರ್ಟ್ ಯಾರೂ ಅರ್ಜಿ ಹಾಕದಿದ್ದರೂ ತಾನೇ ಪ್ರಕರಣ ಕೈಗೆತ್ತಿಕೊಂಡಿತು. ಎಫ್‌ಐಆರ್ ದಾಖಲಿಸಿ ಎಂದು ಆದೇಶಿಸಿತು. ಆ ಆದೇಶದಲ್ಲಿ ಇದು ಚರಂಡಿಯ ಭಾಷೆ ಎನ್ನುವ ಅರ್ಥದ ಮಾತೇ ಇದೆ. ನ್ಯಾಯಾಲಯ ನೇರವಾಗಿ ಹೆಸರಿಟ್ಟು ಕರೆದದ್ದನ್ನು ಸುದ್ದಿಯವರು ಯಾಕೆ ತೊಳೆದು ಕೊಡಬೇಕು? ‘ಕೀಳು ಮಾತು’, ‘ಹೀಯಾಳಿಕೆ’, ‘ಬೈಗುಳ’, ‘ಜಾತಿ ನಿಂದನೆ’ ಎಲ್ಲವೂ ನಮ್ಮಲ್ಲಿ ಇವೆ. ಯಾವುದು ಆಯಿತೋ ಅದನ್ನು ಬರೆಯಬಹುದಲ್ವಾ? ‘ಆರೋಪ ಸಾಬೀತಾಗುವ ಮುಂಚೆ ಹಾಗೆ ಬರೆಯಬಾರದು, ಮಾನನಷ್ಟ ಮೊಕದ್ದಮೆ ಬೀಳುತ್ತದೆ’ ಎಂದು ಪತ್ರಕರ್ತ ಗೆಳೆಯರು ಹೇಳುತ್ತಾರೆ. ಒಪ್ಪುವ ಮಾತೇ. ಆದರೆ ಆ ಎಚ್ಚರ ಬೀದಿಯವನ ವಿಷಯದಲ್ಲಿ ಯಾಕಿಲ್ಲ?

ಕ್ರಿಯಾಪದಗಳನ್ನೂ ನೋಡಿ. ‘ನಾಲಿಗೆ ಹರಿಬಿಟ್ಟರು’ ಅಂದರೆ ಬಿಟ್ಟವರು ಇದ್ದಾರೆ. ‘ನಾಲಿಗೆ ಜಾರಿತು’ ಅಂದರೆ ನಾಲಿಗೆ ತಾನಾಗಿ ಜಾರಿದೆ, ಮನುಷ್ಯ ಪಾಪ ಪಕ್ಕದಲ್ಲಿ ಸುಮ್ನೆ ನಿಂತಿದ್ದಾನೆ. ‘ಹೇಳಿಕೆ ವಿವಾದಕ್ಕೀಡಾಯಿತು’ ಇನ್ನೂ ಮೇಲು. ಅಪಘಾತಕ್ಕೆ ಈಡಾದ ಹಾಗೆ ಹೇಳಿಕೆಯೇ ಪೆಟ್ಟು ತಿಂದಿದೆ. ಆಮೇಲೆ ಬರುವುದು ‘ನನ್ನ ಮಾತನ್ನು ತಿರುಚಲಾಗಿದೆ’. ತಿರುಚಿದವರು ಯಾರು ಅಂತ ಈ ವಾಕ್ಯ ಯಾವತ್ತೂ ಹೇಳುವುದಿಲ್ಲ. ಬರೆದ ಕನ್ನಡದಲ್ಲಿ ‘-ಲಾಗಿದೆ’ ಇಷ್ಟು ಕೆಲಸಕ್ಕೆ ಬರುವ ಜಾಗ ಇನ್ನೊಂದಿಲ್ಲ ಅನ್ನಿಸುತ್ತದೆ.

ಇನ್ನು ನನ್ನ ಮುಖ್ಯ ಪ್ರಶ್ನೆ: ‘ವಿಷಾದ ವ್ಯಕ್ತಪಡಿಸಿದರು’ ಮತ್ತು ‘ಕ್ಷಮೆ ಕೇಳಿದರು’ ಒಂದೇನಾ?

ಎಷ್ಟೋ ಸಲ ತಲೆಬರಹದಲ್ಲಿ ‘ಕ್ಷಮೆಯಾಚನೆ’ ಇರುತ್ತದೆ, ಒಳಗೆ ಓದಿದರೆ ಅವರು ಆಡಿದ್ದು ‘ವಿಷಾದ’ ಅಥವಾ ಹಿಂದಿಯ ‘ಖೇದ್’ ಮಾತ್ರ. ಸಂಸ್ಕೃತದಲ್ಲಿ ‘ವಿಷಾದ’ ಅಂದರೆ ಕುಗ್ಗುವುದು, ಮನಸ್ಸು ಕುಸಿಯುವುದು. ಗೀತೆಯ ಮೊದಲ ಅಧ್ಯಾಯದ ಹೆಸರು ‘ಅರ್ಜುನ ವಿಷಾದ ಯೋಗ’. ಅಲ್ಲಿ ಅರ್ಜುನ ಯಾರ ಕ್ಷಮೆಯನ್ನೂ ಕೇಳುತ್ತಿಲ್ಲ. ಅವನಿಗೆ ಸಂಕಟ ಆಗಿದೆ, ಬಿಲ್ಲು ಕೆಳಗಿಟ್ಟಿದ್ದಾನೆ, ಅಷ್ಟೇ. ‘ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ’ ಎಂದು ಬರೆಯುವಾಗಲೂ ಸಾವಿಗೆ ನಾವೇ ಕಾರಣ ಅನ್ನುವ ಅರ್ಥ ಇಲ್ಲ. ಹಾಗಾಗಿ ವಿಷಾದಕ್ಕೆ ತಪ್ಪು ಬೇಕಿಲ್ಲ, ಬೇಸರ ಸಾಕು. ಕ್ಷಮೆಗೆ ಎರಡು ಬೇಕು. ಒಂದು, ತಪ್ಪು ನನ್ನದು ಅನ್ನುವ ಒಪ್ಪಿಗೆ. ಇನ್ನೊಂದು, ಕ್ಷಮಿಸುವ ಅಥವಾ ಕ್ಷಮಿಸದೆ ಇರುವ ಅಧಿಕಾರ ಇರುವ ಎದುರಿನ ಮನುಷ್ಯ. ವಿಷಾದವನ್ನು ಕ್ಯಾಮೆರಾದ ಮುಂದೆ ಒಬ್ಬರೇ ಮುಗಿಸಿಬಿಡಬಹುದು.

ಇದು ಬರೀ ನಿಘಂಟಿನ ಕೂದಲು ಸೀಳುವ ಕೆಲಸ ಅಂತ ಅನಿಸಿದರೆ ಸುಪ್ರೀಂ ಕೋರ್ಟ್‌ನಲ್ಲಿ ನಡೆದದ್ದನ್ನು ನೋಡಿ. 2019ರಲ್ಲಿ ರಾಹುಲ್ ಗಾಂಧಿಯವರು ‘ಚೌಕೀದಾರ್ ಚೋರ್’ (ಕಾವಲುಗಾರನೇ ಕಳ್ಳ) ಘೋಷಣೆಯನ್ನು ರಫೇಲ್ ಯುದ್ಧವಿಮಾನ ಖರೀದಿ ಪ್ರಕರಣದ ಕೋರ್ಟ್ ಆದೇಶಕ್ಕೆ ಅಂಟಿಸಿ ಮಾತಾಡಿದರು. ನ್ಯಾಯಾಂಗ ನಿಂದನೆಯ ಅರ್ಜಿ ಬಂತು. ಮೊದಲ ಪ್ರಮಾಣಪತ್ರದಲ್ಲಿ (ಅಫಿಡವಿಟ್) ವಿಷಾದ ಇತ್ತು. ಎರಡನೆಯದರಲ್ಲಿ ಆ ಪದವನ್ನು ಕಂಸದ ಒಳಗೆ ಇಡಲಾಗಿತ್ತು. ಕಂಸದಲ್ಲಿರುವ ವಿಷಾದಕ್ಕೆ ಏನರ್ಥ ಎಂದು ಪೀಠವೇ ಕೇಳಿತು! ಕೊನೆಗೆ ಮೇ 8ರಂದು ಬೇಷರತ್ ಕ್ಷಮೆ ಕೇಳಿ ಮೂರನೇ ಪ್ರಮಾಣಪತ್ರ ಕೊಟ್ಟರು. ನವೆಂಬರ್‌ನಲ್ಲಿ, ಇನ್ನು ಮುಂದೆ ಎಚ್ಚರ ಇರಲಿ ಎಂದು ಹೇಳಿ ಕೋರ್ಟ್ ಪ್ರಕರಣ ಮುಗಿಸಿತು. ಒಂದು ಪದ ಬದಲಾಗುವವರೆಗೆ ಅವರಿಗೆ ಬಿಡುಗಡೆ ಸಿಗಲಿಲ್ಲ.

ಅದಕ್ಕೂ ಮುಂಚೆ 2016ರಲ್ಲಿ ಉತ್ತರ ಪ್ರದೇಶದ ಆಗಿನ ಸಚಿವ ಆಜಂ ಖಾನ್ ಅವರದು. ಬುಲಂದ್‌ಶಹರದ ಅತ್ಯಾಚಾರ ಪ್ರಕರಣವನ್ನು ರಾಜಕೀಯ ಪಿತೂರಿ ಎನ್ನುವಂತೆ ಮಾತಾಡಿದ್ದರು. ಕ್ಷಮೆ ಕೇಳುತ್ತೇನೆ ಎಂದು ಕೊಟ್ಟ ಮೊದಲ ಪ್ರಮಾಣಪತ್ರ ತಿರಸ್ಕಾರ ಆಯಿತು. ಕಾರಣ? ಅದರಲ್ಲಿ ‘ಒಂದು ವೇಳೆ’ ಇತ್ತು. ಷರತ್ತು ಹಾಕಿದ ಕ್ಷಮೆ ಕ್ಷಮೆಯಲ್ಲ ಎಂಬ ಆಕ್ಷೇಪ ಬಂತು. ಕನ್ನಡದಲ್ಲಿ ಈ ‘ಒಂದು ವೇಳೆ’ ಬಿಡಿ ಪದವಾಗಿ ಬರಲೇಬೇಕು ಅಂತಿಲ್ಲ. ‘ನೋವಾಗಿದ್ದರೆ’ ಅನ್ನುವುದರ ಕೊನೆಯ ‘-ರೆ’ಯಲ್ಲೇ ಕೂತಿರುತ್ತದೆ. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ವಾಕ್ಯ ಬಿಡಿಸಿ ನೋಡಿ. ‘ಯಾರಿಗಾದರೂ’: ಯಾರಿಗೆ ಅಂತ ಗೊತ್ತಿಲ್ಲ. ‘ನೋವಾಗಿದ್ದರೆ’: ಆಗಿದೆಯೋ ಇಲ್ಲವೋ ಗೊತ್ತಿಲ್ಲ, ಆಗಿದ್ದರೂ ತಾನಾಗಿ ಆಗಿದೆ, ನಾನು ಮಾಡಿಲ್ಲ. ‘ವಿಷಾದಿಸುತ್ತೇನೆ’: ಬೇಸರ ಆಗುತ್ತಿದೆ, ತಪ್ಪು ಒಪ್ಪುತ್ತಿಲ್ಲ. ಮೂರೇ ಪದದಲ್ಲಿ ಮೂರು ಬಾಗಿಲು. ಆಜಂ ಖಾನ್ ಅವರು ಆಮೇಲೆ ಹೃತ್ಪೂರ್ವಕ ಪಶ್ಚಾತ್ತಾಪ ಎನ್ನುವ ಅರ್ಥದ ಪದ ಬಳಸಿ ಹೊಸದಾಗಿ ಬರೆದುಕೊಟ್ಟರು, ಕೋರ್ಟ್ ಒಪ್ಪಿತು. ನಮ್ಮಲ್ಲಿ ‘ಪಶ್ಚಾತ್ತಾಪ’ ಕ್ಷಮೆಗಿಂತ ಒಂದು ತೂಕ ಜಾಸ್ತಿಯೇ ಅಲ್ವಾ? ‘ತಾಪ’ ಅಂದರೆ ಸುಡುವುದು. ವಿಷಾದದಲ್ಲಿ ಆ ಬಿಸಿ ಇಲ್ಲ.

ವಿಜಯ್ ಶಾ ಅವರ ಕ್ಷಮೆಯನ್ನೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ಮೊಸಳೆ ಕಣ್ಣೀರಾ ಎಂದು ಕೇಳಿ, ತನಿಖೆಗೆ ವಿಶೇಷ ತಂಡ ರಚಿಸಿತು. ಸದನದ ಒಳಗಿನ ಕಥೆ ಇಷ್ಟು ಖಡಕ್ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ರಮೇಶ್ ಬಿಧೂಡಿ ಅವರು ಇನ್ನೊಬ್ಬ ಸಂಸದ ದಾನಿಶ್ ಅಲಿ ಅವರನ್ನು ಧರ್ಮ ಹಿಡಿದು ಬೈದರು. ಆಗ ‘ವಿಷಾದ’ ವ್ಯಕ್ತಪಡಿಸಿದ್ದು ಬಿಧೂಡಿ ಅವರ ಪಕ್ಷದವರೇ ಆದ ಸಚಿವ ರಾಜನಾಥ್ ಸಿಂಗ್. ಅದಕ್ಕೂ ಒಂದು ‘-ರೆ’ ಇತ್ತು. ನನಗೆ ಕುತೂಹಲ ಏನೆಂದರೆ, ಬೈದವರ ಪರವಾಗಿ ಇನ್ನೊಬ್ಬರು ವಿಷಾದ ಹೇಳುವುದಕ್ಕೆ ಭಾಷೆ ಒಪ್ಪುತ್ತದೆ. ಇನ್ನೊಬ್ಬರ ಪರವಾಗಿ ಪಶ್ಚಾತ್ತಾಪ ಪಡಲು ಆಗುತ್ತದಾ?

2019ರ ಮೇ ತಿಂಗಳ ಇನ್ನೊಂದು ಪ್ರಸಂಗ. ಆಗ ಬಿಜೆಪಿಯ ಲೋಕಸಭಾ ಅಭ್ಯರ್ಥಿಯಾಗಿದ್ದ ಪ್ರಜ್ಞಾ ಸಿಂಗ್ ಠಾಕೂರ್ ಅವರು ಗೋಡ್ಸೆಯನ್ನು ದೇಶಭಕ್ತ ಎಂದರು, ಕ್ಷಮೆ ಕೇಳಿದರು. ಅವರು ಕೇಳಿದ್ದಾರೆ, ಆದರೆ ನಾನು ಮನಸ್ಸಿನಿಂದ ಕ್ಷಮಿಸಲಾರೆ ಎಂದು ಪ್ರಧಾನಿ ನರೇಂದ್ರ ಮೋದಿಯವರು ಸಂದರ್ಶನದಲ್ಲಿ ಹೇಳಿದರು. ನಾನು ಮೇಲೆ ಹೇಳಿದ ‘ಕ್ಷಮಿಸದೆ ಇರುವ ಅಧಿಕಾರ’ ಅನ್ನುವುದಕ್ಕೆ ಇದೊಂದು ಉದಾಹರಣೆ. ಸಂಸದೆಯಾಗಿ ಗೆದ್ದು ಬಂದ ಮೇಲೆ, ಅದೇ ವರ್ಷದ ನವೆಂಬರ್‌ನಲ್ಲಿ, ಲೋಕಸಭೆಯಲ್ಲೇ ಮತ್ತೆ ಅದೇ ವಿಷಯಕ್ಕೆ ಕ್ಷಮೆ ಕೇಳಬೇಕಾಯಿತು. ಮನಸ್ಸಿನಿಂದ ಕ್ಷಮಿಸದಿದ್ದರೂ ಟಿಕೆಟ್ ಮತ್ತು ಸೀಟು ಎಲ್ಲಿತ್ತೋ ಅಲ್ಲೇ ಇತ್ತು ಅನ್ನುವುದು ಪದದ ಆಚೆಗಿನ ವಿಷಯ.

ಕ್ಷಮೆಯ ಜೊತೆಗೆ ಇನ್ನೊಂದು ಮಾತು ಬರುತ್ತದೆ: ‘ಹೇಳಿಕೆ ವಾಪಸ್ ಪಡೆದಿದ್ದೇನೆ’. ಮಾತು ಆಡಿದರೆ ಹೋಯಿತು ಅನ್ನುವ ಭಾಷೆಯಲ್ಲಿ ಇದು ವಿಚಿತ್ರವಾಗಿ ಕೇಳಿಸುತ್ತದೆ. ಸದನದಲ್ಲಾದರೆ ‘ಕಡತದಿಂದ ತೆಗೆಸಲಾಯಿತು’. ಲೋಕಸಭೆಯ ನಿಯಮ 380ರ ಪ್ರಕಾರ ಮಾನಹಾನಿಯ, ಅಸಭ್ಯ, ಸದನಕ್ಕೆ ತಕ್ಕದ್ದಲ್ಲದ ಪದಗಳನ್ನು ಸ್ಪೀಕರ್ ತೆಗೆಸಬಹುದು. ಅಚ್ಚಿನಲ್ಲಿ ಆ ಜಾಗಕ್ಕೆ ನಕ್ಷತ್ರ ಚಿಹ್ನೆ ಬರುತ್ತದೆ. ಇಲ್ಲಿ ‘ಕಡತ’ ಪದ ಆರಿಸಿದವರಿಗೆ ಗೊತ್ತಿತ್ತೋ ಇಲ್ಲವೋ, ಹಳೆಯ ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಮಡಚಿಟ್ಟ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗಾಗಿ ಒರೆಸುವುದಕ್ಕೆ ಕಡತವೇ ಸರಿಯಾದ ಪದ! ಈಗ ತೊಂದರೆ ಏನೆಂದರೆ ಕಡತದಿಂದ ಹೋದ ಮಾತು ಎಲ್ಲರ ಮೊಬೈಲಿನಲ್ಲಿ ಇರುತ್ತದೆ. ಅಧಿಕೃತವಾಗಿ ಆಡಿಲ್ಲ, ನಿಜವಾಗಿ ಆಡಿದ್ದಾರೆ. ಇಂಥ ಮಾತಿಗೆ ಏನೆನ್ನಬೇಕು?

ಇದರ ಜೊತೆಗೇ ‘ಅಸಾಂವಿಧಾನಿಕ ಪದ ಬಳಸಿದರು’ ಎನ್ನುವ ಬಳಕೆಯೂ ಜಾಸ್ತಿಯಾಗಿದೆ. ಸದನಕ್ಕೆ ಸಲ್ಲದ ಪದ ಅಂದರೆ ‘ಅಸಂಸದೀಯ’. ಸಂವಿಧಾನಕ್ಕೂ ಬೈಗುಳಕ್ಕೂ ನೇರ ಸಂಬಂಧ ಇಲ್ಲ. ಸಂವಿಧಾನದ 105 ಮತ್ತು 194ನೇ ವಿಧಿಗಳು ಇದಕ್ಕೆ ಉಲ್ಟಾ: ಸದನದಲ್ಲಿ ಆಡಿದ ಮಾತಿಗೆ ಕೋರ್ಟಿನಲ್ಲಿ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತವೆ. ಲಂಚ ಪಡೆದು ಮಾತಾಡಿದರೆ, ಮತ ಹಾಕಿದರೆ ಆ ರಕ್ಷಣೆ ಇಲ್ಲ ಎಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ಸೀತಾ ಸೊರೇನ್ ಪ್ರಕರಣದಲ್ಲಿ ಹೇಳಿದೆ. ಆದರೆ ಬರೀ ಮಾತು ಕೆಟ್ಟದಾಗಿದ್ದರೆ ಅದನ್ನು ಸದನವೇ ನೋಡಿಕೊಳ್ಳಬೇಕು.

ಕೊನೆಗೆ ‘ಹೊಣೆ’. ಪಕ್ಷಗಳು ತಪ್ಪದೆ ಹೇಳುವ ಮಾತು: ‘ಅದು ಅವರ ವೈಯಕ್ತಿಕ ಹೇಳಿಕೆ.’ ಆಜಂ ಖಾನ್ ಪ್ರಕರಣದಿಂದ ಎದ್ದ ಪ್ರಶ್ನೆ ಮುಂದೆ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಸಚಿವರ ಮಾತಿಗೆ ಸಾಮೂಹಿಕ ಹೊಣೆಗಾರಿಕೆಯ (ಇಡೀ ಸಂಪುಟ ಒಟ್ಟಾಗಿ ಹೊಣೆ ಅನ್ನುವ ತತ್ವ) ಹೆಸರಿನಲ್ಲಿ ಸರ್ಕಾರವನ್ನು ಹೊಣೆ ಮಾಡಲಾಗದು ಎಂದು 2023ರ ಜನವರಿ 3ರಂದು ಬಹುಮತದ ತೀರ್ಪು ಬಂತು. ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಇದರಲ್ಲಿ ಭಿನ್ನ ನಿಲುವು ಬರೆದರು. ಮಾತು ಅಧಿಕೃತ ಸ್ಥಾನದಿಂದ ಬಂದು ಸರ್ಕಾರದ ನಿಲುವನ್ನೂ ಹೇಳುತ್ತಿದ್ದರೆ ಸರ್ಕಾರಕ್ಕೆ ಅಂಟುತ್ತದೆ, ಇಲ್ಲದಿದ್ದರೆ ವೈಯಕ್ತಿಕ ಎಂಬುದು ಅವರ ನಿಲುವು. ನನಗೆ ಇದು ಹೆಚ್ಚು ಒಪ್ಪಿಗೆ.

ಹಳೆಯ ಕನ್ನಡದಲ್ಲಿ ‘ಹೊಣೆ’ ಅಂದರೆ ಜಾಮೀನು. ಹೊಣೆ ನಿಂತವನು ಸಾಲಗಾರ ಕೊಡದಿದ್ದರೆ ತಾನು ತೆರಬೇಕಿತ್ತು. 1956ರಲ್ಲಿ ಅರಿಯಲೂರು ರೈಲು ದುರಂತದ ನಂತರ ಲಾಲ್ ಬಹದ್ದೂರ್ ಶಾಸ್ತ್ರಿಯವರು ‘ನೈತಿಕ ಹೊಣೆ’ ಹೊತ್ತು ರಾಜೀನಾಮೆ ಕೊಟ್ಟಾಗ ಪದಕ್ಕೆ ಆ ಅರ್ಥ ಇತ್ತು, ಏನೋ ಒಂದನ್ನು ತೆತ್ತರು. ಈಗ ‘ನಾನೇ ಹೊಣೆ ಹೊರುತ್ತೇನೆ’ ಅಂದು ಕುರ್ಚಿಯಲ್ಲೇ ಕೂತಿರಬಹುದು. ಆ ಖಾಲಿ ಜಾಗ ತುಂಬಲು ಇಂಗ್ಲಿಷಿನ ಅಕೌಂಟಬಿಲಿಟಿಗೆ ‘ಉತ್ತರದಾಯಿತ್ವ’ ಅಂತ ಹೊಸ ಪದ ಬಂತು. ತಮಾಷೆ ಏನೆಂದರೆ, ಪದ ಆಗಲೇ ಇತ್ತು. ‘ಜವಾಬು’ ಅಂದರೆ ಉತ್ತರ. ‘ಜವಾಬ್ದಾರಿ’ ಅಂದರೆ ಉತ್ತರ ಕೊಡಬೇಕಾದ ಸ್ಥಿತಿ. ನಾವು ಅದನ್ನು ‘ಜಿಲ್ಲಾ ಉಸ್ತುವಾರಿ ಜವಾಬ್ದಾರಿ ವಹಿಸಲಾಗಿದೆ’ ಅಂತ ಬಳಸಿ ಬಳಸಿ, ಜವಾಬ್ದಾರಿ ಅಂದರೆ ಸಿಕ್ಕಿದ ಹುದ್ದೆ ಅನ್ನುವ ಹಾಗೆ ಮಾಡಿದ್ದೇವೆ.

ಬಲ್ಲವರಲ್ಲಿ ನನ್ನ ಪ್ರಶ್ನೆ ಎರಡು. ‘ಉತ್ತರದಾಯಿಯನ್ನಾಗಿಸು’ ಅನ್ನುವುದು ಬಾಯಲ್ಲಿ ತಿರುಗುವುದಿಲ್ಲ, ‘ಹೊಣೆ ಮಾಡು’ ಅಂದರೆ ತಪ್ಪು ಹೊರಿಸು ಎಂದಷ್ಟೇ ಆಗುತ್ತದೆ. ‘ಲೆಕ್ಕ ಕೇಳು’, ‘ಜವಾಬು ಕೇಳು’ ಇವುಗಳಲ್ಲಿ ನಿಮ್ಮ ಕಡೆ ಯಾವುದು ರೂಢಿಯಲ್ಲಿದೆ? ಜನ ಜನಪ್ರತಿನಿಧಿಯನ್ನು ಕೇಳುವಾಗ ಯಾವುದು ಒಪ್ಪುತ್ತದೆ?

ಎರಡನೆಯದು, ದಿನದ ಮಾತಿನ ‘ತಪ್ಪಾಯ್ತು’. ವ್ಯಾಕರಣ ನೋಡಿದರೆ ಅದೂ ‘ನೋವಾಯ್ತು’ ಥರದ್ದೇ, ಮಾಡಿದವರಿಲ್ಲ. ಆದರೂ ಎದುರು ನಿಂತು ‘ತಪ್ಪಾಯ್ತು’ ಅಂದರೆ ಜನ ಅದನ್ನು ಪೂರ್ತಿ ಕ್ಷಮೆ ಅಂತಲೇ ತೆಗೆದುಕೊಳ್ಳುತ್ತಾರೆ. ಯಾಕೆ? ಮತ್ತೆ, ಯಾವ ರಾಜಕಾರಣಿಯಾದರೂ ಬರೆದುಕೊಟ್ಟ ಪ್ರಕಟಣೆಯಲ್ಲಿ ಈ ಪದ ಬಳಸಿದ್ದನ್ನು ನೀವು ನೋಡಿದ್ದೀರಾ?