ಹತ್ತುವಾಗ ಸಲೀಸು, ಇಳಿದ ಮೇಲೆ ತೊಡೆ ನೋವು. ಕೊಡಚಾದ್ರಿಗೆ ತಯಾರಿ ಹೇಗೆ?

ತುಂಗಾತೀರ:
ವಯಸ್ಸು 44, ಕೂತು ಮಾಡುವ ಕೆಲಸ. ಬೆಳಿಗ್ಗೆ ಶಿವಮೊಗ್ಗದ ನೆಹರು ಸ್ಟೇಡಿಯಂನಲ್ಲಿ 5 ಕಿ.ಮೀ. ಬಿರುಸು ನಡಿಗೆ, ತಿಂಗಳುಗಳಿಂದ ತಪ್ಪಿಸಿಲ್ಲ. ಕವಲೇದುರ್ಗ ಹತ್ತುವಾಗ ಏದುಸಿರು ಬರಲಿಲ್ಲ. ಮಾರನೇ ದಿನ ತೊಡೆ ಹಿಡಿದುಕೊಳ್ತು, ಅದರ ಮರುದಿನ ಗೋಡೆ ಹಿಡಿಯದೆ ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ಲ್ಯಾಕ್ಟಿಕ್ ಆ್ಯಸಿಡ್ ಅಂತಾರೆ. ಡಿಸೆಂಬರಿನಲ್ಲಿ ಕೊಡಚಾದ್ರಿ ಇದೆ, ಜೀಪ್ ಇಲ್ಲದೆ ನಡೆದೇ ಇಳಿಯೋದು. ವಾಕಿಂಗ್ 8 ಕಿ.ಮೀ. ಮಾಡಿದರೆ ಸಾಕಾ?

ಫಿಸಿಯೋ_ತೀರ್ಥಹಳ್ಳಿ:
ಸಾಲದು ಸಾರ್. ಸಮತಟ್ಟು ಟ್ರ್ಯಾಕಿನಲ್ಲಿ 12 ಕಿ.ಮೀ. ನಡೆದರೂ ತೊಡೆಗೆ ಇಳಿಜಾರು ಅಭ್ಯಾಸ ಆಗಲ್ಲ.

ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಮೈಯನ್ನು ಎತ್ತುತ್ತೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ ಮೈಭಾರವನ್ನು ತಡೆದು ಹಿಡೀಬೇಕು. ಈ ಕೆಲಸಕ್ಕೆ ಕಡಿಮೆ ಎಳೆಗಳು ಸಾಕಾಗೋದರಿಂದ ಒಂದೊಂದು ಎಳೆಯ ಮೇಲೆ ಬೀಳುವ ಸೆಳೆತ ಹೆಚ್ಚು. ಎಳೆಯೊಳಗಿನ ಸೂಕ್ಷ್ಮ ರಚನೆ ಅಲ್ಲಲ್ಲಿ ಕಿತ್ತುಹೋಗುತ್ತೆ, ಆಮೇಲೆ ಉರಿಯೂತ ಶುರು. ನೋವು 24ರಿಂದ 72 ಗಂಟೆಯೊಳಗೆ ಜೋರಾಗೋದು ಇದಕ್ಕೇ. ಮೋಸ ಏನಂದ್ರೆ, ಇಳಿಯುವಾಗ ಆಮ್ಲಜನಕದ ಖರ್ಚು ಬಹಳ ಕಡಿಮೆ. ಉಸಿರು ಆರಾಮವಾಗಿರುತ್ತೆ, ತೊಡೆ ಒಳಗೊಳಗೇ ಪೆಟ್ಟು ತಿನ್ನುತ್ತಿರುತ್ತೆ.

ನಿಮ್ಮ ವಾಕಿಂಗ್ ವ್ಯರ್ಥ ಆಗಿಲ್ಲ. ಮೊದಲ ಒಂದೆರಡು ವಾರದಲ್ಲೇ ರಕ್ತದ ಪ್ಲಾಸ್ಮಾ (ದ್ರವಭಾಗ) ಹೆಚ್ಚಿ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಜಾಸ್ತಿ ಆಗುತ್ತೆ. ಮುಂದಿನ ವಾರಗಳಲ್ಲಿ ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗ) ಮತ್ತು ಲೋಮನಾಳ (ಅತಿ ಸಣ್ಣ ರಕ್ತನಾಳ) ಬೆಳೀತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಮಾತ್ರ ತಿಂಗಳುಗಟ್ಟಲೆ ಸಮಯ ಕೇಳುತ್ತೆ. ಹಾಗಾಗಿ ದಮ್ಮು ಬೇಗ ಬರುತ್ತೆ, ಕಾಲು ಹಿಂದೆ ಉಳಿಯುತ್ತೆ. ಮಂಡಿಚಿಪ್ಪಿನ ಕೆಳಗೆ ನೋವು ತಂದುಕೊಳ್ಳುವವರಲ್ಲಿ ಹೆಚ್ಚಿನವರು ದಮ್ಮು ನಂಬಿ ಕಾಲಿಗೆ ಒಮ್ಮೆಲೇ ಹೊರೆ ಏರಿಸಿದವರೇ.

ತಯಾರಿ ಹೀಗೆ: ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ ಎರಡು ದಿನ ಬಿಟ್ಟು ಬಸ್ಕಿ. ಕೆಳಗೆ ಹೋಗೋಕೆ 3-4 ಸೆಕೆಂಡ್ ತಗೊಳ್ಳಿ, ಏಳೋದು ಮಾಮೂಲಿ ವೇಗದಲ್ಲಿ. ಶುರುವಿಗೆ 8ರಂತೆ ಎರಡು ಸುತ್ತು, ನಾಲ್ಕು ವಾರದಲ್ಲಿ 12ರಂತೆ ಮೂರು ಸುತ್ತು. ಜೊತೆಗೆ 15 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವಷ್ಟು ನಿಧಾನ ಇಳಿಸಿ, ಒಂದೊಂದು ಕಾಲಿಗೆ 8. ಮಂಡಿ ಒಳಕ್ಕೆ ವಾಲಿದರೆ ಎತ್ತರ ಕಡಿಮೆ ಮಾಡಿ. ಆಫೀಸಿನಲ್ಲಿ ಲಿಫ್ಟ್ ಇದ್ದರೆ ಹತ್ತೋಕೆ ಬಳಸಿದರೂ ಪರವಾಗಿಲ್ಲ, ಇಳಿಯೋದು ಮೆಟ್ಟಿಲಲ್ಲೇ.

ಹೋಗುವ 10-14 ದಿನ ಮುಂಚೆ ಒಂದು ನಿಜವಾದ ಇಳಿಜಾರು ಇಳಿದು ನೋಡಿ. ಕುಂದಾದ್ರಿಗೆ ಮೇಲಿನವರೆಗೂ ರಸ್ತೆ ಇರೋದರಿಂದ ಎಲ್ಲಿ ಬೇಕಾದರೂ ತಿರುಗಬಹುದು. ಒಮ್ಮೆ ಇಂಥ ಪೆಟ್ಟು ತಿಂದ ಸ್ನಾಯು ರಿಪೇರಿ ಆದಮೇಲೆ ಅದೇ ಕೆಲಸಕ್ಕೆ ಅಷ್ಟು ನೋಯಲ್ಲ, ಈ ರಕ್ಷಣೆ ವಾರಗಟ್ಟಲೆ ಇರುತ್ತೆ. ಸಣ್ಣ ಡೋಸ್ ಸಾಕು, ಲಸಿಕೆ ಥರ. ಕೊನೆಯ 4-5 ದಿನ ಬಸ್ಕಿ ಬೇಡ, ನಡಿಗೆ ಮಾತ್ರ.

ಸಾಗರದವ:
ಲ್ಯಾಕ್ಟಿಕ್ ಆ್ಯಸಿಡ್ ಕಥೆಗೆ ವಯಸ್ಸಾಯ್ತು ಮಾರಾಯ್ರೆ. ವ್ಯಾಯಾಮ ನಿಲ್ಲಿಸಿ ಒಂದು ಗಂಟೆ ಹೊತ್ತಿಗೆ ರಕ್ತದಲ್ಲಿನ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆ್ಯಸಿಡ್ ಮೈಯಲ್ಲಿರುವ ರೂಪ) ಹೆಚ್ಚುಕಮ್ಮಿ ಮೊದಲಿನ ಮಟ್ಟಕ್ಕೆ ಬಂದಿರುತ್ತೆ. ಎರಡು ದಿನದ ನಂತರದ ನೋವಿಗೆ ಅದು ಹೇಗೆ ಕಾರಣ? ಹೃದಯ ಮತ್ತು ಸ್ನಾಯು ಅದನ್ನೇ ಇಂಧನವಾಗಿ ಸುಡ್ತವೆ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಥಿಯೋಡರ್ ಹಫ್ 1902ರಲ್ಲೇ ಇಂಥ ನೋವಿಗೆ ಸ್ನಾಯುವಿನೊಳಗೆ ಎಳೆ ಹರಿಯೋದೇ ಕಾರಣ ಅಂತ ಹೇಳಿದ್ದರು.

ಕೊಡಚಾದ್ರಿ 1,343 ಮೀಟರ್. ಗಾಳಿ ತೆಳು ಅಂತ ಹೆದರಿಸುವವರ ಮಾತು ಬಿಡಿ, ಆ ಎತ್ತರಕ್ಕೆ ಆರೋಗ್ಯವಂತರಿಗೆ ಬೆಟ್ಟದ ಕಾಯಿಲೆ ಬರಲ್ಲ.

ಅಡಿಕೆ_ತೋಟ:
ಹಾಗಾದ್ರೆ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗಾರರು? ದಿನವಿಡೀ ಮರ ಹತ್ತಿ ಇಳೀತಾರೆ, ನೋವು ಅಂದಿದ್ದು ಕೇಳಿಲ್ಲ.

ಫಿಸಿಯೋ_ತೀರ್ಥಹಳ್ಳಿ:
ಅವರ ಮೈ ಆ ಕೆಲಸಕ್ಕೆ ಒಗ್ಗಿರುತ್ತೆ, ಅಷ್ಟೇ. ಮರ ತಬ್ಬಿ ಜಾರುವಾಗ ಭಾರ ತೋಳು, ಬೆನ್ನು, ಒಳತೊಡೆಗೆ ಹಂಚಿಹೋಗುತ್ತೆ. ಅದೇ ಮನುಷ್ಯನನ್ನು ಗುಡ್ಡದಿಂದ ಓಡಿಸಿಕೊಂಡು ಇಳಿಸಿದರೆ ತೊಡೆಯ ಮುಂಭಾಗ ನೋಯೋದು ಖಂಡಿತ. ಯಾವ ಸ್ನಾಯುವಿಗೆ, ಯಾವ ಥರದ ಕೆಲಸ ಕೊಟ್ಟಿರೋ ಅದಕ್ಕಷ್ಟೇ ತಯಾರಾಗುತ್ತೆ. ಜಿಮ್ಮಿನಲ್ಲಿ ಸೈಕಲ್ ಮಾತ್ರ ತುಳಿಯುವವರು ಇಳಿಜಾರಿನಲ್ಲಿ ಸೋಲೋದೂ ಇದಕ್ಕೇ: ಸೈಕಲ್ಲಿನಲ್ಲಿ ಮೈಭಾರ ತಡೆಯುವ ಕೆಲಸ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಹೊಸನಗರ_ನರ್ಸ್:
ಎರಡು ಮಾತು ಸೇರಿಸ್ತೀನಿ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುವವರು ವಾಚ್ ತೋರಿಸುವ ನಾಡಿ ನಂಬಬೇಡಿ, ಎಷ್ಟು ದಣಿದರೂ ಅದು ಪೂರ್ತಿ ಏರಲ್ಲ. ಪೂರ್ತಿ ವಾಕ್ಯ ಮಾತಾಡೋಕೆ ಆಗುವಷ್ಟು ವೇಗ ಇಟ್ಟುಕೊಳ್ಳಿ. ಹತ್ತುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಇನ್ನೊಂದು, ನೋವು ಬರಬಾರದು ಅಂತ ಮುಂಚೆಯೇ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗೋದು ಬೇಡ. ಬೆವರಿ ನೀರು ಕಡಿಮೆಯಾದ ಹೊತ್ತಲ್ಲಿ ಕಿಡ್ನಿಗೆ ಅದು ಹೊರೆ. ಓಆರ್‌ಎಸ್ ಒಯ್ಯುವುದಾದರೆ 1 ಲೀಟರಿನ ಪ್ಯಾಕೆಟ್ಟನ್ನು 1 ಲೀಟರ್ ನೀರಿಗೇ ಕಲಸಿ, ಅರ್ಧ ಬಾಟಲಿಗೆ ಸುರಿಯಬೇಡಿ. ಇಳಿದ ಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆ ಊದಿ ಗಟ್ಟಿಯಾದರೆ ಅದು ಮಾಮೂಲಿ ನೋವಲ್ಲ. ಸ್ನಾಯು ಒಡೆದು ಅದರ ಪ್ರೋಟೀನ್ ಕಿಡ್ನಿಗೆ ಹೋಗ್ತಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಸಿಕೆ (ಸ್ನಾಯು ಒಡೆದರೆ ಏರುವ ಕಿಣ್ವ) ಮತ್ತು ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತೆ) ನೋಡಿಸಿ.

ತುಂಗಾತೀರ:
ಧನ್ಯವಾದ. ಕೋಲು ಒಂದು ಸಾಕಾ, ಎರಡು ಬೇಕಾ?

ಫಿಸಿಯೋ_ತೀರ್ಥಹಳ್ಳಿ:
ಎರಡು. ಇಳಿಯುವಾಗ ಹತ್ತುವಾಗಿನದಕ್ಕಿಂತ 5-10 ಸೆಂ.ಮೀ. ಉದ್ದ ಮಾಡಿಕೊಳ್ಳಿ, ಹೆಜ್ಜೆ ಚಿಕ್ಕದಿರಲಿ, ಮಂಡಿ ಪೂರ್ತಿ ನೆಟ್ಟಗೆ ಮಾಡಿ ಧೊಪ್ಪನೆ ಊರಬೇಡಿ.