ಮಾವನವರ ಎಚ್‌ಎಂಟಿ ಪೈಲಟ್ ವಾಚ್‌ಗೆ ಮ್ಯಾಗ್ನೆಟ್ ಹಿಡಿದಿದೆ, ಡೀಮ್ಯಾಗ್ ಮಾಡಿಸಿದವರು (ಮ್ಯಾಗ್ನೆಟ್ ಬಿಡಿಸಿದವರು) ಅನುಭವ ಹೇಳಿ

ತುಮಕೂರು ಅಳಿಯ: ಮಾವನವರ ಪೈಲಟ್ ದಿನಕ್ಕೆ ಕಾಲು ಗಂಟೆ ಮುಂದೆ ಓಡ್ತಿದೆ. ರಾತ್ರಿ ಸ್ಪೀಕರ್ ಮೇಲೆ ಬಿಚ್ಚಿಡೋ ಅಭ್ಯಾಸ ಅವರಿಗೆ. ದಿಕ್ಸೂಚಿ ಹತ್ತಿರ ತಂದ್ರೆ ಮುಳ್ಳು ವಾಲತ್ತೆ. ಆನ್‌ಲೈನ್‌ನಲ್ಲಿ ಸಿಗೋ ನೀಲಿ ಡೀಮ್ಯಾಗ್ ಡಬ್ಬಿ ತಗೊಳ್ಳಲಾ, ಅಂಗಡಿಗೆ ಕೊಡಲಾ? ಫೋಟೊ ಹಾಕಿದ್ದೀನಿ. ಸ್ಪ್ರಿಂಗ್ ಚೈನ್ ಬಿಚ್ಚಬೇಕಾ ಅಂತಲೂ ಹೇಳಿ.

ಕೀಲಿ ವಾಚ್ ಮೈಸೂರು: ಅಂಗಡಿಗಾ? ನನ್ನ ಎಚ್‌ಎಂಟಿ ಜನತಾ ವಾಚ್ ಕಥೆ ಕೇಳಿ. ಇದೇ ಕಾಯಿಲೆ. ಅಂಗಡಿಯವನು ಬ್ಯಾಕ್ ಕವರ್ ಕೂಡ ತೆಗೀದೆ ‘ಬ್ಯಾಲೆನ್ಸ್ ಹೋಗಿದೆ ಸಾರ್’ ಅಂದ, ಅದೇ ಒಳಗೆ ಅತ್ತಿತ್ತ ಆಡೋ ಚಕ್ರ. ಬ್ಯಾಲೆನ್ಸ್ 650, ಸರ್ವಿಸ್ 900, ನಾನು ಕೇಳದೇ ಹಾಕಿದ ಗ್ಲಾಸ್ 150. ಒಟ್ಟು 1,700. ಮನೆಗೆ ತಂದ್ರೆ ಓಟ ಹಾಗೇ! ಆ ಚಕ್ರದ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಸುತ್ತು ಒಂದಕ್ಕೊಂದು ಅಂಟಿದ್ರೆ ಸ್ಪ್ರಿಂಗ್ ಗಿಡ್ಡ ಆದಂಗೆ, ವಾಚ್ ಓಡದೆ ಇನ್ನೇನು ಮಾಡತ್ತೆ? ಹೊಸ ಬ್ಯಾಲೆನ್ಸನ್ನೂ ಮ್ಯಾಗ್ನೆಟ್ ಹಿಡಿದ ಟ್ವೀಜರ್‌ನಲ್ಲೇ ಕೂರಿಸಿದ್ದ ಪುಣ್ಯಾತ್ಮ. ಕೊನೆಗೆ ಅದೇ ನೀಲಿ ಡಬ್ಬಿ, 480. ವಾಚನ್ನ ಡಬ್ಬಿ ಮೇಲಿಟ್ಟು ಗುಂಡಿ ಒತ್ತಿ ಹಿಡೀರಿ, ಹಾಗೇ ವಾಚನ್ನ ನಿಧಾನಕ್ಕೆ ಕೈಯುದ್ದ ಮೇಲೆತ್ತಿ, ಆಮೇಲೆ ಗುಂಡಿ ಬಿಡಿ. ಹತ್ತಿರ ಇರುವಾಗ ಬಿಟ್ರೆ ಇನ್ನೂ ಜಾಸ್ತಿ ಹಿಡಿಯತ್ತೆ. ಆ 1,700 ನೆನೆದ್ರೆ ಈಗಲೂ ಹೊಟ್ಟೆ ಉರಿಯತ್ತೆ.

ಪೀಣ್ಯ ಗ್ರೈಂಡಿಂಗ್: ವಾಚ್ ಎಲ್ಲ ಆಟಿಕೆ ಬಿಡಿ. ನಮ್ಮದು ಸರ್ಫೇಸ್ ಗ್ರೈಂಡಿಂಗ್, ಅಂದ್ರೆ ಲೋಹದ ಮೈ ಉಜ್ಜಿ ಸಮ ಮಾಡೋ ಕೆಲಸ. ಮ್ಯಾಗ್ನೆಟಿಕ್ ಚಕ್‌ನಿಂದ (ಕೆಲಸದ ತುಂಡನ್ನ ಮ್ಯಾಗ್ನೆಟ್‌ನಲ್ಲಿ ಹಿಡಿದಿಡೋ ಹಲಗೆ) ಎತ್ತಿದ ಡಿ2 (ಡೈ, ಅಂದ್ರೆ ಅಚ್ಚು ಮಾಡೋ ಗಟ್ಟಿ ಉಕ್ಕು) ಪ್ಲೇಟನ್ನ ಎಷ್ಟು ತೊಳೆದ್ರೂ ಗ್ರೈಂಡಿಂಗ್ ಪುಡಿ ಬಿಡಲ್ಲ. ಕಸ್ಟಮರ್ ಮ್ಯಾಗ್ನೆಟ್ ಅಳೆಯೋ ಗಾಸ್ ಮೀಟರ್ ಇಟ್ಟು, 3 ಗಾಸ್ ದಾಟಿದ್ದನ್ನೆಲ್ಲ ರಿಜೆಕ್ಟ್ ಮಾಡಿದ. ಸೆಕೆಂಡ್ ಹ್ಯಾಂಡ್ ಟೇಬಲ್ ಡೀಮ್ಯಾಗ್ 14,000. ತಂದ ವಾರಕ್ಕೇ ಕಾಯಿಲ್ ಸುಟ್ಟು ರೀವೈಂಡಿಂಗ್ 3,200. ಗೂಡ್ಸ್ ಆಟೋ ಹೋಗ್ತಾ 600, ಬರ್ತಾ 600, ಇಳಿಸಿದ ಹುಡುಗರಿಗೆ 200. ತೆಳು ಪ್ಲೇಟಿಗೆ ಸರಿ. 80 ಎಂಎಂ ಬ್ಲಾಕ್ ಇಟ್ರೆ ಏನೂ ಕಿಸೀಲಿಲ್ಲ. 50 ಹರ್ಟ್ಸ್ ಎಸಿ ಅಷ್ಟು ಆಳಕ್ಕೆ ಇಳಿಯಲ್ಲ. ಡಿಸಿನ ಉಲ್ಟಾ ಸೀದಾ ಮಾಡ್ತಾ ಇಳಿಸಿಕೊಂಡು ಬರೋ ಮಷಿನ್ ಬೇಕು. ಈಗ ಅದಿರೋ ಕಡೆ ಕೆಜಿ ಲೆಕ್ಕದಲ್ಲಿ ಜಾಬ್‌ವರ್ಕ್ ಕೊಡ್ತೀವಿ, ಲಾಭ ಅಲ್ಲೇ ಹೋಗತ್ತೆ. 480ರ ಡಬ್ಬಿ ಅಂದ್ರೆ ನಗು ಬರತ್ತೆ.

ಕೀಲಿ ವಾಚ್ ಮೈಸೂರು: ಸ್ವಾಮಿ, ನಿಮ್ಮ 80 ಎಂಎಂ ಬ್ಲಾಕನ್ನ ಅವರ ಮಾವ ಕೈಗೆ ಕಟ್ಟಲ್ಲ.

ಹುಬ್ಬಳ್ಳಿ ವೆಲ್ಡರ್: ಮಷಿನ್ ಯಾಕ ಬೇಕ್ರೀ? ಮ್ಯಾಗ್ನೆಟ್ ಪಿಗ್ (ಪೈಪಿನ ಒಳಗ ಹೋಗಿ ತಪಾಸ ಮಾಡೂ ಯಂತ್ರ) ಓಡಿಸಿದ್ದ ಹಳೇ ಪೈಪ್‌ಲೈನ್ ಕತ್ತರಿಸಿ ಜೋಡಸೋದಿತ್ತು. ರೂಟ್, ಅಂದ್ರ ಮೊದಲ ಪದರು, ವೆಲ್ಡ್ ಹೊಡಿಯಾಕ ಹೋದ್ರ ಆರ್ಕ್ ಒಂದ ಕಡಿ ವಾಲತೈತಿ, ಮೆಟಲ್ ಎಲ್ಲಾ ಹೊರಗ ಸಿಡೀತೈತಿ. ಎಕ್ಸ್‌ರೇದಾಗ ಜಾಯಿಂಟ್ ಫೇಲ್. ಕತ್ತರಿಸಿದ ಕೂಲಿ, ಮತ್ತ ಅಂಚು ಓರೆ (ಬೆವೆಲ್) ಮಾಡಿದ ಕೂಲಿ, ಎರಡೂ ನನ್ನ ಬಿಲ್ಲಿನಾಗ ಮುರ್ಕೊಂಡ್ರು. ರಾಡ್ ಖರ್ಚು ಕೇಳಬ್ಯಾಡ್ರಿ. ಆಮ್ಯಾಲ ವೆಲ್ಡಿಂಗ್ ಕೇಬಲ್ಲನ್ನ ಪೈಪಿಗೆ ಸುತ್ತಿ ಡಿಸಿ ಬಿಟ್ಟು, ಜಾಯಿಂಟಿನಾಗ ಫೀಲ್ಡ್ ಸೊನ್ನೆಗೆ ಬರೂಮಟ ಹೊಂದಿಸಿದ್ವಿ. ಉಲ್ಟಾ ಸುತ್ತಿದ್ರ ಇನ್ನೂ ಜಾಸ್ತಿ ಆಕ್ಕೈತಿ, ಅಷ್ಟ. ರೊಕ್ಕ ಸುರಿಯೋರು ಸುರೀರಿ.

ಪೀಣ್ಯ ಗ್ರೈಂಡಿಂಗ್: ಫಿನಿಶ್ ಆಗಿರೋ ಡೈಗೆ ಕೇಬಲ್ ಸುತ್ತಿ ಗೀರು ಬಿದ್ರೆ ನೀವು ಕಟ್ಟಿಕೊಡ್ತೀರಾ?

ಹುಬ್ಬಳ್ಳಿ ವೆಲ್ಡರ್: ಡೈ ಬಗ್ಗೆ ಯಾರು ಮಾತಾಡಿದ್ರು? ಓದಿ ಬರೀರಿ.

ದಾವಣಗೆರೆ ಟಿವಿ ರಿಪೇರಿ: ಎಲ್ಲರೂ ಸುಮ್ಮನೆ ಖರ್ಚು ಮಾಡ್ಕೊಂಡಿದ್ದೀರಿ. ಗುಜರಿಯಲ್ಲಿ 21 ಇಂಚಿನ ಡಬ್ಬಾ ಟಿವಿ 150 ರೂಪಾಯಿ. ಟ್ಯೂಬ್ ಸುತ್ತ ಇರೋ, ಮ್ಯಾಗ್ನೆಟ್ ತೆಗೆಯೋ ಡೀಗಾಸ್ ಕಾಯಿಲ್ ಬಿಚ್ಚಿ 100 ವ್ಯಾಟ್ ಬಲ್ಬ್ ಸೀರೀಸ್‌ನಲ್ಲಿ ಹಾಕ್ಕೊಂಡೆ. ಟೇಪ್ ಹೆಡ್, ಸ್ಕ್ರೂಡ್ರೈವರ್, ಕತ್ತರಿ, ಎಲ್ಲ ಅದರಲ್ಲೇ. ಟಿವಿ ಪಕ್ಕ ಸ್ಪೀಕರ್ ಇಟ್ಟು ಪರದೆಯಲ್ಲಿ ಹಸಿರು ನೇರಳೆ ಕಲೆ ಮಾಡ್ಕೊಂಡು ಬರೋರಿಗೂ ಇದೇ ಕಾಯಿಲ್ ಆಡಿಸಿ ಸರಿ ಮಾಡಿಕೊಟ್ಟಿದ್ದೀನಿ. ಒಂದು ಕಾಲದಲ್ಲಿ ಹಬ್ಬದ ಖರ್ಚು ಅದರಲ್ಲೇ ಹೊರಡ್ತಿತ್ತು.

ಕೀಲಿ ವಾಚ್ ಮೈಸೂರು: ಹೊಸಬರಿಗೆ ಇಂಥದ್ದೆಲ್ಲ ಹೇಳಿಕೊಡಬೇಡಿ. 230 ವೋಲ್ಟಿಗೆ ಹಳೇ ಕಾಯಿಲ್! ಟಿವಿಯಲ್ಲಾದ್ರೆ ಕ್ಷಣದಲ್ಲಿ ಕರೆಂಟ್ ಇಳಿಸೋಕೆ ಪೋಸಿಸ್ಟರ್ ಇರತ್ತೆ. ಇಲ್ಲಿ?

ದಾವಣಗೆರೆ ಟಿವಿ ರಿಪೇರಿ: ಬಲ್ಬ್ ಯಾಕೆ ಹಾಕಿದ್ದು ಅಂದ್ಕೊಂಡ್ರಿ, ದೀಪಾವಳಿಗಾ?

ರಸಾಯನ ಮೇಷ್ಟ್ರು: ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಕಾಂತತ್ವ ತಾನಾಗಿಯೇ ಹೋಗುತ್ತದೆ. ಇಷ್ಟು ಚರ್ಚೆ ಬೇಕೆ?

ಪೀಣ್ಯ ಗ್ರೈಂಡಿಂಗ್: ಹಾರ್ಡ್‌ನೆಸ್ಸೂ ತಾನಾಗಿಯೇ ಹೋಗತ್ತೆ ಮೇಷ್ಟ್ರೇ.

ಕೀಲಿ ವಾಚ್ ಮೈಸೂರು: ಈಗ ಫೋಟೊ ದೊಡ್ಡದು ಮಾಡಿ ನೋಡಿದೆ. ಅಳಿಯಂದ್ರೇ, ಆ ಡಯಲ್ ಫ್ಯಾಕ್ಟರಿದಲ್ಲ, ಮುಂಬೈ ರೀಡಯಲ್, ಅಂದ್ರೆ ಮತ್ತೆ ಬಣ್ಣ ಬಳಿದು ಅಕ್ಷರ ಹಾಕಿದ್ದು. ಅಕ್ಷರದ ಅಂಚು ಹರಡಿದೆ ನೋಡಿ. ಇದಕ್ಕೆ ಖರ್ಚು ಮಾಡಬೇಡಿ.

ತುಮಕೂರು ಅಳಿಯ: ಮಾವ ಬೆಂಗಳೂರು ವಾಚ್ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿದವರು ಸಾರ್. ಅವರ ಮುಂದೆ ಈ ಮಾತು ಹೇಳಿ ನೋಡಿ.

ಕೀಲಿ ವಾಚ್ ಮೈಸೂರು: ಕೆಲಸ ಮಾಡಿರಬಹುದು. ಆಮೇಲೆ ಯಾವುದೋ ಅಂಗಡಿಯವನು ಡಯಲ್ ಬದಲಾಯಿಸಿರಬಹುದಲ್ಲ? ನನ್ನ ಹತ್ರ ಬಂದ ಪೈಲಟ್‌ಗಳಲ್ಲಿ ಅರ್ಧ ಹಾಗೇ. ಒಂದಕ್ಕೆ 4,500 ತೆತ್ತಿದ್ದೀನಿ.

ದಾವಣಗೆರೆ ಟಿವಿ ರಿಪೇರಿ: ರೀಡಯಲ್‌ಗೆ 4,500 ಕೊಟ್ಟವರು ನನ್ನ 150ರ ಕಾಯಿಲ್‌ಗೆ ಬುದ್ಧಿ ಹೇಳ್ತಾರೆ!

ಹುಬ್ಬಳ್ಳಿ ವೆಲ್ಡರ್: 😂

ತುಮಕೂರು ಅಳಿಯ: ಚೈನ್ ಬಿಚ್ಚಬೇಕಾ ಅಂತ ಕೇಳಿದ್ದೆ...

ಪೀಣ್ಯ ಗ್ರೈಂಡಿಂಗ್: ಬಿಚ್ಚಿ. ಚೈನ್ ಒಳಗಿನ ಸ್ಪ್ರಿಂಗ್‌ಗೂ ಮ್ಯಾಗ್ನೆಟ್ ಹಿಡಿದಿರತ್ತೆ, ಅದನ್ನ ಬೇರೆ ಹಿಡಿದು ಎತ್ತಿ. ಮತ್ತೆ ಆ ಟಿವಿ ಕಾಯಿಲ್ ಅಣ್ಣ, ಎಷ್ಟು ಆಂಪ್ಸ್ ಎಳೀತು ಅಂತ ಅಳತೆ ಮಾಡಿದ್ದೀರಾ, ಇಲ್ಲ ಬರೀ ಬಾಯಲ್ಲಿ ಹೇಳ್ತಿದ್ದೀರಾ?